ನೊಂದ ಮನದ ದಾರಿ: ಶಿಶುನಾಳ ಶರೀಫರ ಬಾಳು

ಸಂತರ ಚರಿತ್ರೆಯನ್ನು ಹೇಳುವಲ್ಲಿ ನಮ್ಮ ಜನ ಬಹುಕಾಲದಿಂದ ಒಂದು ರೂಢಿಯನ್ನು ನಡೆಸಿಕೊಂಡು ಬಂದಿದ್ದಾರೆ. ಹುಟ್ಟಿನಲ್ಲಿ ಒಂದು ಪವಾಡ, ಬಾಲ್ಯದಲ್ಲಿ ಒಂದು ಸೂಚನೆ, ಯೌವನದಲ್ಲಿ ಒಂದು ಆಘಾತ, ಆಘಾತದಿಂದ ವೈರಾಗ್ಯ, ವೈರಾಗ್ಯದಿಂದ ಸಿದ್ಧಿ, ಹೀಗೆ ಕಥೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇವುಗಳಲ್ಲಿ ಆಘಾತದ ಮೆಟ್ಟಿಲ ಮೇಲೆ ಚರಿತ್ರಕಾರನು ನಿಲ್ಲುವ ಹೊತ್ತು ಬಹಳ ಕಡಿಮೆ. ಮಡದಿ ತೀರಿಕೊಂಡಳು, ಮಗು ತೀರಿಕೊಂಡಿತು, ಸಂಸಾರ ಅಸಾರವೆಂಬುದು ಮನವರಿಕೆಯಾಯಿತು ಎಂದು ಒಂದೇ ಉಸಿರಿನಲ್ಲಿ ಹೇಳಿ ಅವನು ಮುಂದಕ್ಕೆ ನಡೆಯುತ್ತಾನೆ. ಸಾವಿಗೂ ವೈರಾಗ್ಯಕ್ಕೂ ನಡುವೆ ಒಬ್ಬ ಮನುಷ್ಯನ ಮನಸ್ಸು ಎಷ್ಟು ರಾತ್ರಿ ನಿದ್ದೆಯಿಲ್ಲದೆ ಬೆಂದಿತು, ಎಷ್ಟು ದಿನ ಅನ್ನ ಸೇರದೆ ಬಾಡಿತು, ಯಾವ ಆಸರೆಯನ್ನು ಹಿಡಿದು ಮೇಲಕ್ಕೆ ಬಂದಿತು ಎಂಬ ಭಾಗ ಕಥೆಯಿಂದ ಜಾರಿಹೋಗುತ್ತದೆ. ಹಾಗೆ ಜಾರಿಹೋದ ಭಾಗವೇ ಇಂದಿನ ಓದುಗನಿಗೆ ಹೆಚ್ಚು ಬೇಕಾದದ್ದೆಂದು ನನ್ನ ಎಣಿಕೆ. ಶಿಶುನಾಳ ಶರೀಫ ಸಾಹೇಬರ ಬಾಳನ್ನು ಈ ದೃಷ್ಟಿಯಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಹಳೆಯ ಧಾರವಾಡ ಸೀಮೆಯ ತೆಂಕಣ ಭಾಗದಲ್ಲಿ, ಶಿಗ್ಗಾಂವಿ ತಾಲೂಕಿನಲ್ಲಿ, ಶಿಶುವಿನಹಾಳವೆಂಬ ಹಳ್ಳಿಯಿದೆ. ೧೯೯೭ರಲ್ಲಿ ಜಿಲ್ಲೆ ಒಡೆದಾಗ ಅದು ಹಾವೇರಿ ಜಿಲ್ಲೆಯ ಪಾಲಿಗೆ ಹೋಯಿತು. ಆದರೆ ಶರೀಫರ ಬಾಳಿನ ಮುಖ್ಯ ನಂಟುಗಳು ಇಂದಿನ ಧಾರವಾಡ ಜಿಲ್ಲೆಯ ಹಳ್ಳಿಗಳೊಡನೆಯೇ ಹೆಣೆದುಕೊಂಡಿವೆ. ಅವರ ಗುರುಗಳ ಊರಾದ ಕಳಸ ಕುಂದಗೋಳ ತಾಲೂಕಿನದು. ಮಡದಿಯ ತವರು ಕುಂದಗೋಳ. ಅವರೊಡನೆ ಆತ್ಮೀಯವಾಗಿ ಬೆರೆತ ನಾಗಲಿಂಗಸ್ವಾಮಿಗಳ ನೆಲೆ ನವಲಗುಂದ. ಶಿಗ್ಗಾಂವಿ ತಾಲೂಕಿನಲ್ಲಿ ಹುಟ್ಟಿದ ಬೆಣ್ಣಿಹಳ್ಳ ನವಲಗುಂದದ ಎರೆಯನ್ನು ಹಾಯ್ದು ಮಲಪ್ರಭೆಯನ್ನು ಸೇರುತ್ತದೆ. ಶರೀಫರ ಪದಗಳು ಹರಿದ ದಾರಿಯೂ ಹೆಚ್ಚುಕಡಿಮೆ ಅದೇ.

ಈ ನೆಲದ ಗುಣವನ್ನು ತಿಳಿಯದೆ ಇಲ್ಲಿಯ ಮನಸ್ಸಿನ ಗುಣವನ್ನು ತಿಳಿಯುವುದು ಕಷ್ಟ. ಪಡುವಣದ ಕಲಘಟಗಿಯ ಕಡೆ ಮಲೆನಾಡಿನ ಸೆರಗು, ಕೆರೆ, ಭತ್ತದ ಗದ್ದೆ. ಮೂಡಣದ ಅಣ್ಣಿಗೇರಿ, ನವಲಗುಂದಗಳ ಕಡೆ ಕಣ್ಣು ಹಾಯುವಷ್ಟು ದೂರ ಮರವಿಲ್ಲದ ಎರೆಬಯಲು. ಮುಗಿಲು ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಬೇಸಿಗೆಯಲ್ಲಿ ಮೇವು ನೀರುಗಳನ್ನು ಅರಸಿ ಕುರುಬರು ಹಿಂಡುಗಳೊಡನೆ ಊರೂರು ತಿರುಗುತ್ತಾರೆ. ಒಕ್ಕಲಿಗರ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿ, ಕಂಬಳಿ ಹೊದ್ದು, ಬಯಲಿನಲ್ಲಿಯೇ ರಾತ್ರಿ ಕಳೆಯುತ್ತಾರೆ. ಭೂಮಿಯನ್ನೋ ಪ್ರಾಣಿಯನ್ನೋ ನಂಬಿದ ಈ ಜನರ ಸುಖದುಃಖಗಳೆರಡೂ ಮುಗಿಲಿಗೆ ಕಟ್ಟಿದ ಜೋಲಿಯಂತೆ ತೂಗುತ್ತವೆ. ದುಃಖವನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಮಾತ್ರ ಇವರಲ್ಲಿ ಕಡಿಮೆ. ಗಂಡಸರಲ್ಲಂತೂ ಇನ್ನೂ ಕಡಿಮೆ.

ಶರೀಫರು ಹುಟ್ಟಿದ್ದು ೧೮೧೯ರಲ್ಲಿ. ಪೇಶ್ವೆಯರ ಆಳಿಕೆ ಅಳಿದು ಧಾರವಾಡ ಸೀಮೆ ಕಂಪನಿ ಸರಕಾರದ ಕೈಸೇರಿ ಆಗ ಇನ್ನೂ ಒಂದೆರಡು ವರ್ಷ ಮಾತ್ರ ಆಗಿತ್ತು. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಮಕ್ಕಳಿಲ್ಲದ ಈ ದಂಪತಿಗಳಿಗೆ ಹುಲಗೂರಿನ ಖಾದರಿ ಸಂತರ ಹರಕೆಯಿಂದ ಮಗ ಹುಟ್ಟಿದನೆಂದು ಜನ ನಂಬಿಕೊಂಡು ಬಂದಿದ್ದಾರೆ. ಇಮಾಮ ಸಾಹೇಬರು ಶ್ರೀಮಂತರಲ್ಲ, ಆದರೆ ಅವರ ಮನೆಯಲ್ಲಿ ಕುರಾನಿನ ಜೊತೆಗೆ ರಾಮಾಯಣ, ಭಾರತ, ಪ್ರಭುಲಿಂಗಲೀಲೆಗಳ ಓದೂ ನಡೆಯುತ್ತಿತ್ತು. ಊರ ಬಸವಣ್ಣನ ಗುಡಿಯ ಕಟ್ಟೆ ಹುಡುಗನಿಗೆ ಅನ್ಯವಾಗಿರಲಿಲ್ಲ. ಮುಂದೆ ತಮ್ಮ ಪದಗಳಿಗೆಲ್ಲ ಶಿಶುನಾಳಧೀಶನ ಅಂಕಿತವನ್ನು ಇಟ್ಟುಕೊಂಡ ಕವಿ, ಆ ಹೆಸರನ್ನು ಶಾಸ್ತ್ರದಿಂದ ಕಲಿತವರಲ್ಲ, ಓಣಿಯಿಂದ ಕಲಿತವರು.

ಮಗನನ್ನು ಕಳಸದ ಗೋವಿಂದಭಟ್ಟರ ಬಳಿಗೆ ಕರೆದೊಯ್ದು ಒಪ್ಪಿಸಿದವರು ತಂದೆಯೇ. ಭಟ್ಟರು ಸ್ಮಾರ್ತ ಬ್ರಾಹ್ಮಣರು, ದೇವಿಯ ಉಪಾಸಕರು, ಮಡಿಮೈಲಿಗೆಯ ಕಟ್ಟಳೆಗಳನ್ನು ಸಡಿಲಬಿಟ್ಟವರು. ಊರಿನವರ ಕಣ್ಣಿಗೆ ಅವರು ಅರೆಹುಚ್ಚರಂತೆ ತೋರುತ್ತಿದ್ದರು. ಮುಸಲ್ಮಾನರ ಹುಡುಗನನ್ನು ಅವರು ಶಿಷ್ಯನೆಂದು ಒಪ್ಪಿಕೊಂಡದ್ದು ಅಂದಿನ ಕಾಲಕ್ಕೆ ಸಣ್ಣ ಮಾತಲ್ಲ. ಜನಿವಾರವನ್ನೇ ತೊಡಿಸಿದರೆಂಬ ಪ್ರತೀತಿಯೂ ಉಂಟು. ಆ ಕಥೆಯ ಸತ್ಯಾಸತ್ಯತೆ ಏನೇ ಇರಲಿ, ಅದರ ತಾತ್ಪರ್ಯ ಸ್ಪಷ್ಟವಾಗಿದೆ: ಈ ಗುರುವಿನ ಎದುರು ಶಿಷ್ಯನು ತಾನು ಯಾರೆಂದು ಅಡಗಿಸಬೇಕಾಗಿರಲಿಲ್ಲ. ಎರಡೂ ಕಡೆಯ ಜನ ಈ ಸಂಬಂಧವನ್ನು ಹಳಿದರು. ಗುರುಶಿಷ್ಯರಿಬ್ಬರೂ ಅದನ್ನು ಬಿಡಲಿಲ್ಲ.

ಕಲಿತ ಹುಡುಗ ಮುಲ್ಕಿ ಪರೀಕ್ಷೆಯನ್ನು ಮುಗಿಸಿ ಸುತ್ತಲಿನ ಹಳ್ಳಿಗಳಲ್ಲಿ ಕನ್ನಡ ಶಾಲೆಯ ಮಾಸ್ತರನಾದನು. ತಿಂಗಳ ಸಂಬಳ ತರುವ ನೌಕರಿ ಬಡ ಮನೆತನಕ್ಕೆ ದೊಡ್ಡ ಆಸರೆ. ಆದರೆ ಶರೀಫರ ಮನಸ್ಸು ಶಾಲೆಯ ನಾಲ್ಕು ಗೋಡೆಗಳ ನಡುವೆ ನಿಲ್ಲಲಿಲ್ಲ. ಅವರು ನೌಕರಿಯನ್ನು ಬಿಟ್ಟರು. ಮನೆಗೆ ಕಟ್ಟಿಹಾಕುವ ಉದ್ದೇಶದಿಂದಲೋ ಏನೋ, ತಂದೆತಾಯಿಗಳು ಕುಂದಗೋಳದ ಫಕೀರ ಸಾಹೇಬರ ಮಗಳು ಫಾತಿಮಾಳನ್ನು ತಂದು ಮದುವೆ ಮಾಡಿದರು. ಒಂದು ಹೆಣ್ಣುಮಗು ಹುಟ್ಟಿತು.

ಇಲ್ಲಿಂದ ಮುಂದಿನದು ದುಃಖದ ಸಾಲು. ಮಗು ಉಳಿಯಲಿಲ್ಲ, ಫಾತಿಮಾಳೂ ಉಳಿಯಲಿಲ್ಲ. ತಂದೆತಾಯಿಗಳೂ ಒಬ್ಬರ ಹಿಂದೆ ಒಬ್ಬರು ಕಣ್ಮರೆಯಾದರು. ಮನೆಯ ಮೇಲೆ ಸಾಲವಿತ್ತೆಂದು ಆ ಭಾಗದ ಜನ ಇಂದಿಗೂ ಹೇಳುತ್ತಾರೆ. ನೌಕರಿಯಿಲ್ಲ, ಒಕ್ಕಲುತನದಲ್ಲಿ ಗಟ್ಟಿಯಿಲ್ಲ, ಜಾತಿಯವರ ಬೆಂಬಲವಿಲ್ಲ, ಮನೆಯಲ್ಲಿ ದೀಪ ಹಚ್ಚುವವರಿಲ್ಲ. ಪುಸ್ತಕಗಳಲ್ಲಿ ಇದಕ್ಕೆ ಸಿಕ್ಕಿರುವ ಜಾಗ ನಾಲ್ಕೈದು ಸಾಲು. ಕುಂದಗೋಳದಿಂದ ಸೊಸೆಯಾಗಿ ಬಂದ ಆ ಹೆಣ್ಣುಮಗಳಿಗೆ ಸಿಕ್ಕಿರುವುದಂತೂ ಒಂದು ಹೆಸರು, ಒಂದು ಸಾವು, ಇಷ್ಟೇ. ಆಕೆ ನಕ್ಕದ್ದು, ಅತ್ತದ್ದು, ಗಂಡನ ಅಲೆದಾಟವನ್ನು ಕಂಡು ಮನದಲ್ಲಿ ಅಂದುಕೊಂಡದ್ದು ಯಾವುದೂ ಚರಿತ್ರೆಗೆ ಬೇಕಾಗಲಿಲ್ಲ. ಸಂತನ ವೈರಾಗ್ಯಕ್ಕೆ ಕಾರಣವಾಗಿ ಸಾಯುವುದಷ್ಟೇ ಆಕೆಯ ಪಾಲಿನ ಕೆಲಸವೆಂಬಂತೆ ಕಥೆ ಆಕೆಯನ್ನು ದಾಟಿ ಹೋಗುತ್ತದೆ.

ನನ್ನ ತರಗತಿಗೆ ಬರುವವರಲ್ಲಿ ನವಲಗುಂದ, ಕಲಘಟಗಿ, ಅಣ್ಣಿಗೇರಿಗಳ ಸುತ್ತಲಿನ ಒಕ್ಕಲಿಗರ ಮಕ್ಕಳು ಅನೇಕರು. ಶರೀಫರ ಪದಗಳನ್ನು ಪಾಠ ಹೇಳುವ ದಿನ ತರಗತಿಯಲ್ಲಿ ನಗು ಏಳುತ್ತದೆ. ಆ ಪದಗಳ ಗುಣವೇ ಅಂಥದು. ಒಂದು ವರ್ಷ ನಗು ಅಡಗಿದ ಮೇಲೆ ಅಣ್ಣಿಗೇರಿಯ ಕಡೆಯ ಒಬ್ಬ ವಿದ್ಯಾರ್ಥಿ ಎದ್ದು ನಿಂತು, ಹೆಂಡತಿ ತೀರಿದ ಮೇಲೆ ಶರೀಫರು ಸರಿಹೋಗಲು ಎಷ್ಟು ಕಾಲ ಹಿಡಿಯಿತೆಂದು ಕೇಳಿದನು. ಅವನ ಮನೆಯಲ್ಲಿ ತಾಯಿ ತೀರಿಕೊಂಡು ಆರು ತಿಂಗಳಾಗಿತ್ತೆಂದೂ, ತಂದೆ ಹೊಲದ ಕಡೆ ಹೋಗುವುದನ್ನೇ ಬಿಟ್ಟು ಗೋಡೆಗೆ ಒರಗಿ ಕೂತಿರುತ್ತಾರೆಂದೂ ಆಮೇಲೆ ತಿಳಿಯಿತು. ಆ ಹುಡುಗನಿಗೆ ಬೇಕಾಗಿದ್ದುದು ಅಲಂಕಾರವಲ್ಲ, ತತ್ತ್ವವಲ್ಲ, ಒಂದು ಲೆಕ್ಕ. ನೊಂದವನು ಮತ್ತೆ ಎದ್ದು ಹೊಲಕ್ಕೆ ಹೋಗುವುದು ಯಾವಾಗ, ಹೇಗೆ? ವೈರಾಗ್ಯ ಉಂಟಾಯಿತು ಎಂಬ ಪಠ್ಯಪುಸ್ತಕದ ವಾಕ್ಯದಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಅಂದಿನಿಂದ ಶರೀಫರ ಬಾಳನ್ನು ನಾನು ಓದುವ ಕ್ರಮವೇ ಬದಲಾಯಿತು.

ಶರೀಫರ ಕಾಲದಲ್ಲಿ ಕೆಟ್ಟ ಮನಸ್ಸಿಗೆ ಸರಕಾರ ಕಂಡುಕೊಂಡ ಉಪಾಯ ಬೇರೆಯಾಗಿತ್ತು. ೧೮೪೫ರಲ್ಲಿ, ಅಂದರೆ ಶರೀಫರು ಇಪ್ಪತ್ತಾರರ ಹರೆಯದಲ್ಲಿದ್ದಾಗ, ಧಾರವಾಡದಲ್ಲಿ ಹುಚ್ಚರ ಆಸ್ಪತ್ರೆ ಆರಂಭವಾಯಿತು. ೧೮೫೮ರಲ್ಲಿ ಇಂಥವರನ್ನು ಹಿಡಿದಿಡುವ ಬಗೆಯನ್ನು ಕುರಿತು ಇಡೀ ಬ್ರಿಟಿಷ್ ಇಂಡಿಯಕ್ಕೆ ಕಾಯಿದೆ ಬಂತು. ಆ ಕಾಲದ ಇಂಥ ಮನೆಗಳು ವಾಸಿಮಾಡುವುದಕ್ಕಿಂತ ಹೆಚ್ಚಾಗಿ ಕಾಯ್ದಿರಿಸುವುದಕ್ಕೆ ಕಟ್ಟಿದವು. ಕದ, ಕೀಲಿ, ಕಾವಲು ಅವುಗಳ ಮುಖ್ಯ ಅಂಗಗಳು. ಬೀದಿಯಲ್ಲಿ ಗಲಾಟೆಮಾಡುವವನಿಗೆ ಅಲ್ಲಿ ಜಾಗವಿತ್ತು. ಗೋಡೆಗೆ ಒರಗಿ ಮೌನವಾಗಿ ಕೂತವನಿಗೆ ಅಲ್ಲಿಯೂ ಜಾಗವಿರಲಿಲ್ಲ. ಅವನ ನೋವು ಊರಿನ ಪಾಲಿಗೇ ಉಳಿಯುತ್ತಿತ್ತು.

ಊರಿನ ಬಳಿ ಇದ್ದ ಉಪಾಯಗಳು ಯಾವುವು? ಮೊದಲನೆಯದು, ಹುಚ್ಚು ಎಂಬ ಮಾತಿನ ಬಗೆಗೆ ನಮ್ಮ ಜನಕ್ಕಿದ್ದ ಒಂದು ಬಗೆಯ ಸಲಿಗೆ. ಈ ಸೀಮೆಯಲ್ಲಿ ಹುಚ್ಚಪ್ಪ, ಹುಚ್ಚವ್ವ ಎಂದು ಮಕ್ಕಳಿಗೆ ಹೆಸರಿಡುತ್ತಾರೆ. ಲೋಕದ ಲೆಕ್ಕಕ್ಕೆ ಸಿಕ್ಕದವನನ್ನು ಮರುಳನೆಂದು ಕರೆದು, ಕೈಮುಗಿದು, ಒಂದು ರೊಟ್ಟಿ ಕೊಟ್ಟು, ಅವನ ಪಾಡಿಗೆ ಬಿಡುವುದು ಹಳೆಯ ನಡೆ. ಇದರಲ್ಲಿ ಅಜ್ಞಾನವೂ ಉಂಟು. ರೋಗದಿಂದ ಸಾಯುತ್ತಿರುವವನನ್ನೂ ದೇವರ ಮನುಷ್ಯನೆಂದು ಬಗೆದು ಕೈಬಿಟ್ಟ ಉದಾಹರಣೆಗಳು ಹಳ್ಳಿಗಳಲ್ಲಿ ಬೇಕಾದಷ್ಟು. ಆದರೂ ಒಡೆದ ಮನಸ್ಸಿನವನು ಊರಿನಿಂದ ಹೊರಗೆ ಬೀಳದಂತೆ ಹಿಡಿದದ್ದು ಈ ಸಲಿಗೆಯೇ. ಸಂಸಾರ ಒಡೆದು ಊರೂರು ತಿರುಗಿದ ಶರೀಫರನ್ನು ಹುಚ್ಚರೆಂದವರಿದ್ದರು. ಹಾಗೆ ಎಂದವರೇ ಜಗಲಿಯ ಮೇಲೆ ಕೂಡಿಸಿ ಹಾಡಿಸಿದರು.

ಎರಡನೆಯ ಆಸರೆ ಗುರು. ಗೋವಿಂದಭಟ್ಟರು ಶಿಷ್ಯನ ದುಃಖಕ್ಕೆ ಯಾವ ಮಂತ್ರ ಹೇಳಿದರೆಂದು ಕೇಳುವುದಕ್ಕಿಂತ ಅವರು ಏನು ಮಾಡಿದರೆಂದು ಕೇಳುವುದು ಮೇಲು. ಅವರು ಶಿಷ್ಯನನ್ನು ಒಂಟಿಯಾಗಿ ಬಿಡಲಿಲ್ಲ. ಗುರುಶಿಷ್ಯರು ಜೊತೆಯಾಗಿ ತಿರುಗಿದ ಕಥೆಗಳೇ ಜನರ ಬಾಯಲ್ಲಿ ಹೆಚ್ಚಾಗಿ ಉಳಿದಿವೆ. ಜೊತೆಯಾಗಿ ಸಂತೆಗೆ ಹೋದದ್ದು, ಜೊತೆಯಾಗಿ ಉಂಡದ್ದು, ಒಬ್ಬರನ್ನೊಬ್ಬರು ಚೇಷ್ಟೆಮಾಡಿದ್ದು. ತಮ್ಮ ಪದಗಳಲ್ಲಿ ಶರೀಫರು ಗುರುಗೋವಿಂದನನ್ನು ಮತ್ತೆ ಮತ್ತೆ ನೆನೆಯುತ್ತಾರೆ. ಆ ನೆನೆಕೆಯಲ್ಲಿ ಭಯಭಕ್ತಿಗಿಂತ ಬಳಕೆಯ ಬೆಚ್ಚನೆಯ ಭಾವವೇ ಮಿಗಿಲು. ಹೊಟ್ಟೆಯ ಮಗನನ್ನು ಕಾಣುವಂತೆ ಕಾಣುವ ಒಬ್ಬ ಹಿರಿಯನು ನೊಂದವನ ಪಕ್ಕದಲ್ಲಿ ಸುಮ್ಮನೆ ಕೂತಿರುವುದು ಎಷ್ಟು ದೊಡ್ಡ ಚಿಕಿತ್ಸೆಯೆಂಬುದನ್ನು ಇಂದಿನ ಮನೋವೈದ್ಯರೂ ಒಪ್ಪುತ್ತಾರೆ.

ಮೂರನೆಯದು ಸಮಾನರ ಸಹವಾಸ. ನವಲಗುಂದದ ನಾಗಲಿಂಗಸ್ವಾಮಿಗಳು, ಗರಗದ ಮಡಿವಾಳಪ್ಪನವರು, ವಯಸ್ಸಿನಲ್ಲಿ ಕಿರಿಯರಾದ ಹುಬ್ಬಳ್ಳಿಯ ಸಿದ್ಧಾರೂಢರು ಇವರೆಲ್ಲ ಒಂದೇ ಕಾಲದಲ್ಲಿ, ಒಂದೇ ಸೀಮೆಯಲ್ಲಿ ಬಾಳಿದವರು. ಇವರ ಭೇಟಿಗಳ ಕಥೆಗಳು ಹಲವು. ಮನೆಮಾರು ಇಲ್ಲದವರು ಒಬ್ಬರೊಬ್ಬರಿಗೆ ಮನೆಯಾದ ಬಗೆ ಅದು. ಕಳೆದುಕೊಂಡ ಬಳಗದ ಬದಲಿಗೆ ಶರೀಫರು ಊರಿಂದ ಊರಿಗೆ ಹಬ್ಬಿದ ಇನ್ನೊಂದು ಬಳಗವನ್ನು ಕಟ್ಟಿಕೊಂಡರು. ಇದನ್ನು ಸಂನ್ಯಾಸವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಶರೀಫರು ಕಾವಿ ಉಟ್ಟು ಬೆಟ್ಟ ಹತ್ತಲಿಲ್ಲ, ಜನರ ನಡುವೆಯೇ ಉಳಿದರು.

ನಾಲ್ಕನೆಯದಾಗಿ ಹೇಳಬೇಕಾದದ್ದು ಮೊಹರಮ್ಮಿನ ಮಾತು. ನಮ್ಮ ಹಳ್ಳಿಗಳಲ್ಲಿ ಅಲಾಯಿ ಹಬ್ಬವೆಂದರೆ ಮುಸಲ್ಮಾನರಷ್ಟೇ ಅಲ್ಲ, ಊರಿಗೆ ಊರೇ ಸೇರುತ್ತದೆ. ಮುಸಲ್ಮಾನರ ಮನೆಯೇ ಇಲ್ಲದ ಊರುಗಳಲ್ಲಿಯೂ ದೇವರು ಕೂಡಿಸುವುದುಂಟು. ಆ ದಿನಗಳಲ್ಲಿ ಹೆಜ್ಜೆಯ ಮೇಳದವರು ಹಾಡುವ ರಿವಾಯತ ಪದಗಳು ಕರ್ಬಲಾದ ಮರುಭೂಮಿಯಲ್ಲಿ ನೀರಿಲ್ಲದೆ ಮಡಿದವರ ಗೋಳನ್ನು ಕನ್ನಡದಲ್ಲಿ ಹೇಳುತ್ತವೆ. ಶರೀಫರು ಇಂಥ ರಿವಾಯತಗಳನ್ನು ಬಹಳವಾಗಿ ಕಟ್ಟಿದ್ದಾರೆ. ಎಂದೋ, ಎಲ್ಲಿಯೋ ಸತ್ತವರಿಗಾಗಿ ಅಳುವ ನೆವದಲ್ಲಿ ತನ್ನ ಮನೆಯಲ್ಲಿ ಸತ್ತವರಿಗಾಗಿಯೂ ಅಳಬಹುದು. ಅದೂ ಒಂಟಿಯಾಗಿ ಅಲ್ಲ, ಹತ್ತು ಜನರ ಜೊತೆ ಹೆಜ್ಜೆ ಹಾಕುತ್ತ, ದನಿಗೂಡಿಸುತ್ತ. ವರ್ಷದ ಪಂಚಾಂಗದಲ್ಲಿ ಅಳುವುದಕ್ಕೂ ಕೆಲವು ದಿನಗಳನ್ನು ಎತ್ತಿಟ್ಟ ಸಮಾಜ ಮನಸ್ಸಿನ ಮರ್ಮವನ್ನು ಬಲ್ಲ ಸಮಾಜ. ಹೆಂಡತಿ ಮಕ್ಕಳನ್ನು ಕಳೆದುಕೊಂಡ ಗಂಡಸಿಗೆ ಊರ ಮುಂದೆ ಕಣ್ಣೀರು ಹಾಕುವ ಹಕ್ಕನ್ನು ಬೇರೆ ಯಾವ ಹಬ್ಬ ಕೊಟ್ಟೀತು?

ಇನ್ನು ಅವರ ತತ್ತ್ವಪದಗಳು. ಸೋರುವ ಮಾಳಿಗೆ, ಶ್ರುತಿಗೂಡದ ತಂಬೂರಿ, ಸಂತೆಯಲ್ಲಿ ಜಾರಿಬೀಳುವ ಮುದುಕಿ, ಸೇದುವ ಗುಡುಗುಡಿ, ಹೊಸದಾಗಿ ಬಂದ ಗಿರಣಿ ಇಂಥವೇ ಅವುಗಳ ವಸ್ತು. ಪಂಡಿತರು ಇವಕ್ಕೆ ಅಂಗ, ಲಿಂಗ, ಷಟ್ಚಕ್ರಗಳ ಅರ್ಥವನ್ನು ಹಚ್ಚುತ್ತಾರೆ. ಆ ಅರ್ಥ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಸೋರುವ ಮಾಳಿಗೆ ಮೊದಲು ಮಾಳಿಗೆಯೇ. ಆಷಾಢದ ರಾತ್ರಿ ಮಣ್ಣಿನ ಮಾಳಿಗೆಯ ಕೆಳಗೆ ಗಡಿಗೆ, ತಂಬಿಗೆಗಳನ್ನು ಇಟ್ಟು, ಒಣ ಜಾಗ ಹುಡುಕುತ್ತ ಕೂತವರಿಗೆ ಆ ಪದದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸಮಯಕ್ಕೆ ಸರಿಯಾಗಿ ಮಣ್ಣು ಹೊರಿಸದೆ ಹೋದದ್ದರ ಪಶ್ಚಾತ್ತಾಪ, ಇನ್ನು ಏನೂ ಮಾಡಲಾಗದೆಂಬ ಕೈಸೋತ ಭಾವ, ಬೆಳಗಾದರೆ ಸಾಕೆಂಬ ಕಾಯುವಿಕೆ ಎಲ್ಲ ಅದರಲ್ಲಿವೆ. ನಮ್ಮ ಹಳ್ಳಿಯವರು ಮನಸ್ಸು ಸರಿಯಿಲ್ಲವೆಂದು ಹೇಳುವುದಿಲ್ಲ. ಎದಿ ಭಾರ ಆಗೇತಿ, ತಲಿ ಕೆಟ್ಟೇತಿ, ಜೀವಕ್ಕ ಬ್ಯಾಸರಾಗೇತಿ ಎನ್ನುತ್ತಾರೆ. ಮೈಯ ಮೇಲೆ ಹಾಕಿಯೇ ಮನಸ್ಸಿನ ನೋವನ್ನು ಹೇಳುವ ಜನಕ್ಕೆ ಶರೀಫರು ಮನೆಯ ಮೇಲೆ, ಮಾಳಿಗೆಯ ಮೇಲೆ, ತಂಬೂರಿಯ ಮೇಲೆ ಹಾಕಿ ಹೇಳುವ ಭಾಷೆಯನ್ನು ಕೊಟ್ಟರು. ನೋವಿಗೆ ಒಂದು ಹೆಸರು ಸಿಕ್ಕಿತೆಂದರೆ ಅರ್ಧ ಭಾರ ಇಳಿದಂತೆ.

ಆ ಪದಗಳಲ್ಲಿಯ ನಗುವನ್ನೂ ಮರೆಯಬಾರದು. ಎಲ್ಲವನ್ನೂ ಕಳೆದುಕೊಂಡವನು ನಗುವುದು ಸುಲಭವಲ್ಲ. ಕೋಳಿಯೊಂದು ತನಗಿಂತ ದೊಡ್ಡ ಪ್ರಾಣಿಯನ್ನು ನುಂಗುವ ಅವರ ಬೆಡಗಿನ ಲೋಕದಲ್ಲಿ ಎಲ್ಲವೂ ತಲೆಕೆಳಗು. ಅದು ಬರಿಯ ಜಾಣತನದ ಒಗಟಲ್ಲ. ಮಗು ತಂದೆಗಿಂತ ಮೊದಲು ಸಾಯುವ ಲೋಕವೇ ತಲೆಕೆಳಗಾದ ಲೋಕ. ಅದನ್ನು ಕಂಡವನು ಇದ್ದುದನ್ನು ಇದ್ದಂತೆ ಹಾಡಿದರೆ ಹೀಗೆಯೇ ಕೇಳಿಸುತ್ತದೆ. ಅಳುವಿನ ಆಚೆಯ ದಡಕ್ಕೆ ಮುಟ್ಟಿದವನ ನಗು ಅದು. ದಡ ಮುಟ್ಟುವ ಮೊದಲು ಎಷ್ಟು ನೀರು ಕುಡಿದರೆಂಬುದು ಅವರಿಗೇ ಗೊತ್ತು.

ಈ ಮಾತು ನಮ್ಮ ಸೀಮೆಗೆ ಮಾತ್ರ ಸಲ್ಲುವುದಲ್ಲ. ಭೂಮಿಯ ಬಡಗಣ ತುದಿಯಲ್ಲಿ, ನಾರ್ವೆ, ಸ್ವೀಡನ್, ಫಿನ್‌ಲೆಂಡ್, ರಷ್ಯಾಗಳ ಹಿಮದ ಬಯಲಿನಲ್ಲಿ ಸಾಮಿ ಎಂಬ ಜನರಿದ್ದಾರೆ. ನಮ್ಮ ಕುರುಬರು ಕುರಿಯ ಹಿಂದೆ ತಿರುಗುವಂತೆ ಇವರಲ್ಲಿ ಹಲವರು ಹಿಮಸಾರಂಗಗಳ ಹಿಂದೆ ತಿರುಗುತ್ತಾರೆ. ೧೯೧೦ರಲ್ಲಿ ಯೋಹಾನ್ ತುರಿ ಎಂಬ ಸಾಮಿ ತನ್ನ ಜನರ ಬಾಳನ್ನು ತನ್ನದೇ ನುಡಿಯಲ್ಲಿ ಪುಸ್ತಕವಾಗಿ ಬರೆದನು. ಮುಚ್ಚಿದ ಕೋಣೆಯೊಳಗೆ ತನ್ನ ಜನಕ್ಕೆ ಬುದ್ಧಿ ಓಡದು, ಬಯಲ ಗಾಳಿ ಮೂಗಿಗೆ ಸೋಕಿದರೆ ಮಾತು ತಾನಾಗಿ ಬರುತ್ತದೆ ಎಂಬುದು ಅವನ ಅಭಿಪ್ರಾಯವಾಗಿತ್ತು. ಶಾಲೆಯ ಗೋಡೆಗಳನ್ನು ಬಿಟ್ಟು ದಾರಿ ಹಿಡಿದ ಶರೀಫರು ಈ ಮಾತನ್ನು ಒಪ್ಪುತ್ತಿದ್ದರು. ಈಚಿನ ವರ್ಷಗಳಲ್ಲಿ ಸ್ವೀಡನ್ನಿನ ಸಂಶೋಧಕರು ಈ ಪಾಲಕರನ್ನು ವಿಚಾರಿಸಿ ನೋಡಿದಾಗ, ಅವರಲ್ಲಿ ಕಳವಳ, ಖಿನ್ನತೆ, ಜೀವ ಕಳೆದುಕೊಳ್ಳುವ ಆಲೋಚನೆಗಳು ಉಳಿದ ಜನರಿಗಿಂತ ಹೆಚ್ಚೆಂದು ಕಂಡುಬಂದಿತು. ಮೇವಿನ ನೆಲ ಗಣಿಗೆ, ಅಣೆಕಟ್ಟಿಗೆ ಹೋಗುತ್ತಿದೆ, ಹವೆ ಕೆಡುತ್ತಿದೆ, ತಮ್ಮ ಬಾಳಿನ ರೀತಿಯನ್ನು ಅರಿಯದ ವೈದ್ಯರ ಮುಂದೆ ಬಾಯಿ ತೆರೆಯಲು ಅವರಿಗೆ ಮನಸ್ಸಿಲ್ಲ. ಅವರಲ್ಲಿಯೂ ಯೋಯಿಕ್ ಎಂಬ ಹಾಡಿನ ಪದ್ಧತಿಯಿದೆ. ಅಗಲಿದ ಮನುಷ್ಯನನ್ನು, ಬೆಟ್ಟವನ್ನು, ಪ್ರಾಣಿಯನ್ನು ಹಾಡಿನಲ್ಲಿ ಕಣ್ಮುಂದೆ ತಂದುಕೊಳ್ಳುವ ಬಗೆ ಅದು. ಪಾದ್ರಿಗಳು ಅದನ್ನು ಪಾಪವೆಂದು ಹಳಿದ ಕಾಲವೊಂದಿತ್ತು. ಮುಗಿಲನ್ನೂ ಮೇವನ್ನೂ ನಂಬಿದ ಜನ ಎಲ್ಲಿಯೇ ಇರಲಿ, ಅವರಿಂದ ಹಾಡನ್ನು ಕಿತ್ತುಕೊಂಡರೆ ನೋವು ಒಳಗೇ ಹೆಪ್ಪುಗಟ್ಟುತ್ತದೆ.

ಶರೀಫರ ಬಾಳಿನ ಉತ್ತರಾರ್ಧದಲ್ಲಿ ಸೀಮೆಯ ಮೇಲೆಯೇ ದುಃಖ ಎರಗಿತು. ಅಮೇರಿಕದಲ್ಲಿ ೧೮೬೧ರಿಂದ ೧೮೬೫ರ ವರೆಗೆ ನಡೆದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ವಿಲಾಯತಿಯ ಗಿರಣಿಗಳಿಗೆ ಬಾರದಾಗಿ, ಧಾರವಾಡದ ಹತ್ತಿಗೆ ಹಿಂದೆಂದೂ ಇರದ ಬೆಲೆ ಬಂದಿತು. ಎರೆಸೀಮೆಯ ಒಕ್ಕಲಿಗರ ಕೈಯಲ್ಲಿ ದುಡ್ಡು ಕುಣಿಯಿತು. ಸಾಲವೂ ಸುಲಭವಾಗಿ ಹುಟ್ಟಿತು. ಯುದ್ಧ ನಿಂತೊಡನೆ ಬೆಲೆ ಕುಸಿಯಿತು, ಸಾಲ ಉಳಿಯಿತು. ಅದರ ಹಿಂದೆಯೇ ೧೮೭೬ರಿಂದ ೧೮೭೮ರ ವರೆಗಿನ ದೊಡ್ಡ ಬರ. ದಖ್ಖಣದ ತುಂಬ ಲಕ್ಷ ಲಕ್ಷ ಜನ ಅನ್ನವಿಲ್ಲದೆಯೂ ಬೇನೆಯಿಂದಲೂ ಸತ್ತರು. ದನಕರುಗಳು ಕಣ್ಮುಂದೆ ಬಿದ್ದವು. ಆ ಬರದಲ್ಲಿ ಶರೀಫರಿಗೆ ಅರುವತ್ತರ ಹತ್ತಿರ ವಯಸ್ಸು. ಮನೆಮನೆಯಲ್ಲಿಯೂ ಸಾವು ಕಂಡ ಜನ, ತಮಗಿಂತ ಮೊದಲೇ ಎಲ್ಲವನ್ನೂ ಕಳೆದುಕೊಂಡು ಇನ್ನೂ ಹಾಡುತ್ತಿದ್ದ ಆ ಮುದುಕನ ಸುತ್ತ ಕೂತಿದ್ದರೆ ಆಶ್ಚರ್ಯವಿಲ್ಲ. ಅವರು ಶರೀಫಜ್ಜನಾದದ್ದು ಪವಾಡಗಳಿಂದಲ್ಲ. ನೊಂದವರಿಗೆ ಬಾಳಿ ತೋರಿಸಿದ್ದರಿಂದ.

೧೮೮೯ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಶರೀಫರು ತಮ್ಮ ಊರಿನಲ್ಲಿಯೇ ತೀರಿಕೊಂಡರು. ಹಿರೇಮಠದ ಸ್ವಾಮಿಗಳು ಶರಣರ ಪದ್ಧತಿಯಂತೆ ವಿಭೂತಿ ಹಚ್ಚಿ ಪಾದವಿಟ್ಟರೆಂದೂ, ಮುಸಲ್ಮಾನರು ಕುರಾನಿನ ಪಾಠ ಮಾಡಿದರೆಂದೂ ಹೇಳಿಕೆಯಿದೆ. ಶಿಶುವಿನಹಾಳದ ಗದ್ದುಗೆಗೆ ಇಂದಿಗೂ ಇಬ್ಬರೂ ನಡೆದುಕೊಳ್ಳುತ್ತಾರೆ. ಬದುಕಿದ್ದಾಗ ಎರಡೂ ಕಡೆಯವರಿಂದ ಹಳಿಸಿಕೊಂಡವರಿಗೆ ಸತ್ತ ಮೇಲೆ ಎರಡೂ ಕಡೆಯ ಕೈಗಳು ಮುಗಿದವು. ಭಜನೆಯ ಮೇಳಗಳಲ್ಲಿ ಬಾಯಿಂದ ಬಾಯಿಗೆ ಉಳಿದ ಪದಗಳು ಅಚ್ಚಿಗೆ ಬಂದವು, ಸಿ. ಅಶ್ವತ್ಥರ ಕಂಠದಲ್ಲಿ ನಾಡಿನ ತುಂಬ ಹರಡಿದವು. ೧೯೯೦ರಲ್ಲಿ ನಾಗಾಭರಣರ ಚಿತ್ರ ಅವರ ಬಾಳನ್ನು ತೆರೆಯ ಮೇಲೆ ತಂದಿತು.

ಆದರೆ ಈ ಬಾಳನ್ನು ಔಷಧದ ಚೀಟಿಯಂತೆ ಬಳಸುವವರಿಗೆ ಒಂದು ಮಾತು ಹೇಳಬೇಕು. ದುಃಖದಲ್ಲಿ ಮುಳುಗಿದವನ ಮುಂದೆ ಸಂತರ ಕಥೆ ಹೇಳಿ, ಅವರು ಗೆದ್ದರಲ್ಲ, ನೀನೇಕೆ ಸೋಲುತ್ತಿ ಎಂದು ಕೇಳುವವರಿದ್ದಾರೆ. ಇದಕ್ಕಿಂತ ಕ್ರೂರವಾದ ಸಮಾಧಾನವಿಲ್ಲ. ಶರೀಫರು ಒಬ್ಬರೇ ಗೆದ್ದವರಲ್ಲ. ಕೈಬಿಡದ ಗುರು, ಕೂಡಿ ನಡೆಯುವ ಗೆಳೆಯರು, ಹುಚ್ಚನೆಂದೂ ರೊಟ್ಟಿ ಕೊಡುವ ಊರು, ಕೂಡಿ ಅಳುವ ಹಬ್ಬ, ಹಾಡಿದರೆ ಕೇಳುವ ಕಿವಿ ಇಷ್ಟೂ ಅವರಿಗೆ ದೊರೆತವು. ಇವುಗಳಲ್ಲಿ ಒಂದನ್ನೂ ಕೊಡದೆ ಅವರ ಧೈರ್ಯವನ್ನು ಮಾತ್ರ ಕೇ​ಳುವುದು ನ್ಯಾಯವಲ್ಲ.

ಇಂದು ಈ ಆಸರೆಗಳು ಒಂದೊಂದಾಗಿ ಸಡಿಲುತ್ತಿವೆ. ಊರಿನ ಕಟ್ಟೆ ಬರಿದಾಗಿದೆ. ಹುಡುಗರು ದುಡಿಮೆಗೆ ಪಟ್ಟಣ ಸೇರಿದ್ದಾರೆ. ಸಾಲದ ಬೇಗೆಯಿಂದ ಒಕ್ಕಲಿಗರು ಜೀವ ಕಳೆದುಕೊಂಡ ಸುದ್ದಿ ಧಾರವಾಡ, ಹಾವೇರಿಗಳ ಕಡೆಯಿಂದ ಬರುತ್ತಲೇ ಇರುತ್ತದೆ. ಇನ್ನೊಂದು ಕಡೆ, ಶರೀಫರ ಕಾಲದಲ್ಲಿ ಇಲ್ಲದ ಕೆಲವು ಆಸರೆಗಳು ಹುಟ್ಟಿವೆ. ಧಾರವಾಡದ ಹಳೆಯ ಹುಚ್ಚರ ಆಸ್ಪತ್ರೆ ಈಗ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಯಾಗಿ ಬೆಳೆದಿದೆ. ತಾಲೂಕಿನ ಆಸ್ಪತ್ರೆಗಳಲ್ಲಿಯೇ ಮನಸ್ಸಿನ ಕಾಯಿಲೆಗೆ ಮದ್ದು ಕೊಡಬಹುದೆಂಬುದನ್ನು ೧೯೮೦ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು. ೧೯೯೬ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ೨೦೧೭ರ ಕಾಯಿದೆ ಮನಸ್ಸಿನ ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕೆಂದು ಸಾರಿತು. ೨೦೨೨ರಿಂದ ೧೪೪೧೬ ಎಂಬ ಸಂಖ್ಯೆಗೆ ಫೋನು ಮಾಡಿದರೆ ಕನ್ನಡದಲ್ಲಿಯೇ ಮಾತನಾಡಿಸುವವರಿದ್ದಾರೆ. ಗೋಡೆಗೆ ಒರಗಿ ಕೂತ ಆ ತಂದೆಗೆ ಹಾಡೂ ಬೇಕು, ವೈದ್ಯನೂ ಬೇಕು. ಒಂದು ಇನ್ನೊಂದರ ಬದಲಿಯಲ್ಲ.

ಶರೀಫರು ಸರಿಹೋಗಲು ಎಷ್ಟು ಕಾಲ ಹಿಡಿಯಿತೆಂಬ ಪ್ರಶ್ನೆಗೆ ತಿಥಿವಾರಗಳ ಲೆಕ್ಕ ಕೊಡಲಾಗದು. ಅವರ ಪದಗಳನ್ನು ಓದಿದಷ್ಟೂ ನನಗೆ ತೋರುವುದಿಷ್ಟು: ಅವರು ದುಃಖವನ್ನು ಎಂದೂ ಮುಗಿಸಲಿಲ್ಲ, ಅದನ್ನು ಹೊತ್ತು ನಡೆಯುವುದನ್ನು ಕಲಿತರು. ಮಾಳಿಗೆ ಕೊನೆಯ ವರೆಗೂ ಸೋರುತ್ತಲೇ ಇತ್ತು. ಸೋರುತ್ತಿದೆಯೆಂದು ಅವರು ನಾಲ್ಕು ಜನರನ್ನು ಕೂಗಿ ಹೇಳಿದರು, ಆ ನಾಲ್ಕು ಜನ ಎದ್ದು ಬಂದರು. ನಮ್ಮ ನೆರೆಮನೆಯ ಮಾಳಿಗೆ ಸೋರುವ ಸದ್ದು ನಮಗೆ ಕೇಳಿಸಿದರೆ ಎದ್ದು ಹೋಗುವುದು ನಮ್ಮ ಪಾಲಿನ ಕೆಲಸ.